ಸೀತಾಫಲಕ್ಕೆ ಹಾಲು ಹಾಕದ ತಿಂಗಳು

ಜುಲೈ 2, ಬೆಳಿಗ್ಗೆ

ಅನಾನಸ್ ಮತ್ತೆ ನೀರು ಬಿಟ್ಟಿದೆ. ಕೇಕಿನ ನಡು ಹಸಿ, ಅಂಚು ಗಟ್ಟಿ. ಹಣ್ಣನ್ನು ಮೊದಲು ಸಕ್ಕರೆಯಲ್ಲಿ ಬಾಡಿಸಿ ನೋಡಬೇಕು.

ಕಾಲೇಜಿಗೆ ಹೊರಟ ಮಾನಸಿ ಅಡುಗೆಮನೆಗೆ ಇಣುಕಿದಳು. “ಮಮ್ಮಿ, ಫಿರ್ ಸೇ ಪೈನಾಪಲ್? ಪಪ್ಪಾ ಕಾ ಪೇಟ್ ದೇಖಾ ಹೈ?”

ಮಗಳು ಹೇಳಿದ್ದು ನಿಜ, ಅವಳಪ್ಪನ ಹೊಟ್ಟೆ ಬೆಳೆಯುತ್ತಿದೆ. ಕೆಟ್ಟ ಕೇಕೆಲ್ಲ ಸುದರ್ಶನರ ಡಬ್ಬಿಗೇ ಹೋಗುತ್ತದೆ. ಅವರದೇನೂ ದೂರಿಲ್ಲ.

ಸಾನಪಾಡಾದ ಹೋಟೆಲಿನ ಪುಂಡರೀಕಾಕ್ಷಣ್ಣ ಹೇಳಿದ್ದು ತಲೆಯಿಂದ ಇಳಿಯುತ್ತಿಲ್ಲ. ಬಾಗಿಲ ಪಕ್ಕದ ಗಾಜಿನ ಶೋಕೇಸ್ ಖಾಲಿ ಇದೆಯಂತೆ. “ಹಣ್ಣಿನದ್ದು ಎಂತಾದ್ರೂ ಹೊಸತು ಮಾಡು ಊರ್ಮಿಳಾ. ಮೊಟ್ಟೆ ಇರ್ಬಾರ್ದು. ಅಮ್ಮ ತಿಂದು ಹೂಂ ಅಂದ್ರೆ ಶೋಕೇಸ್ ನಿಂಗೆ.” ಅವರ ತಾಯಿ ಪದ್ಮಾವತಿಯಮ್ಮ ರುಚಿ ನೋಡದ ಯಾವುದೂ ಆ ಹೋಟೆಲಿನ ಮೆನುವಿಗೆ ಬಂದದ್ದಿಲ್ಲ.

ಇಷ್ಟು ವರ್ಷ ವಾಟ್ಸಾಪ್ ಆರ್ಡರು. ಪ್ರತಿ ಕೇಕಿನ ಮೇಲೆ ಬೇರೆಯವರ ಹೆಸರು ಬರೆದೆ. ಶೋಕೇಸಿನಲ್ಲಿ ಇಡುವುದಕ್ಕೆ ಯಾರ ಹೆಸರೂ ಬೇಡ.

ಮಳೆ. ಪಾರ್ಸಿಕ್ ಗುಡ್ಡ ಕಾಣುತ್ತಿಲ್ಲ. ಮಬ್ಬಿನಲ್ಲಿ ಓವನ್ನಿನ ದೀಪವೊಂದೇ... ಅದೂ ಒಂದು ಪುಟ್ಟ ಶೋಕೇಸ್.

ಜುಲೈ 9

ಅನಾನಸ್ ಕೇಕ್ ಕೊನೆಗೂ ನಿಂತಿತು. ಕತ್ತರಿಸಿದಾಗ ಒಳಗೆ ಜೇನಿನ ಬಣ್ಣ. ನಮ್ಮ ಕೋಪರಖೈರಣೆಯಿಂದ ಸಾನಪಾಡಾದವರೆಗೆ ಲೋಕಲ್ ರೈಲಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಪಕ್ಕದ ಹೆಂಗಸು ದಾರಿಯುದ್ದಕ್ಕೂ ಅದನ್ನೇ ನೋಡುತ್ತಿದ್ದಳು.

ಹೋಟೆಲಿನ ಮೇಲಿನ ಮನೆಯಲ್ಲಿ ಪದ್ಮಾವತಿಯಮ್ಮ ಮುಚ್ಚಳ ತೆಗೆದರು. ಮೂಸಿದರು. ಕಣ್ಣು ಮುಚ್ಚಿದರು. ಮತ್ತೆ ಮುಚ್ಚಳ ಹಾಕಿಬಿಟ್ಟರು.

“ಶಾಕವ್ರತ ಅಲ್ವಾ ಮಾರಾಯ್ತಿ. ಈ ತಿಂಗಳು ತರಕಾರಿ ಇಲ್ಲ, ಹಣ್ಣಿಲ್ಲ. ಮಾವಿನಹಣ್ಣು ಒಂದು ಆಗ್ತದೆ.”

ನಿಂತಲ್ಲೇ ಕುಗ್ಗಿದೆ. ಆಷಾಢ ಏಕಾದಶಿ ಮೊನ್ನೆಯಷ್ಟೇ ಹೋಯಿತು. ಡೊಂಬಿವಲಿಯಲ್ಲಿದ್ದಾಗ ನನ್ನ ಅಜ್ಜಿಯೂ ಚಾತುರ್ಮಾಸ್ಯ ಹಿಡಿಯುತ್ತಿದ್ದರು. ಸಾರಿನ ಬಣ್ಣ ಬದಲಾಗುತ್ತಿತ್ತು, ನಾವು ಮಕ್ಕಳು ಉಂಡು ಆಡಲು ಓಡುತ್ತಿದ್ದೆವು. ಯಾಕೆಂದು ಕೇಳಿದವರಿಲ್ಲ. ಈಗ ನನ್ನ ಕ್ಯಾಲೆಂಡರಿನಲ್ಲಿ ಇರುವುದು ಗಿರಾಕಿಗಳ ಹುಟ್ಟುಹಬ್ಬ ಮಾತ್ರ.

“ಮಡಿಗಿಡಿ ಎಲ್ಲ ಊರಲ್ಲೇ ಬಿಟ್ಟು ಬಂದೆ,” ಎಂದರು ಅಮ್ಮ. “ಇದೊಂದು ಬಿಡ್ಲಿಕ್ಕೆ ಆಗ್ಲಿಲ್ಲ. ಬೇಜಾರು ಮಾಡ್ಬೇಡ.”

ಜುಲೈ 24

ವಾಶಿ ಮಾರ್ಕೆಟ್ಟಿನಲ್ಲಿ ಮಾವಿನ ಕೊನೆಯ ದಿನಗಳು. ನೀಲಂ ಸಿಕ್ಕಿತು. ಮೂರು ಸಲ ಮಾಡಿದೆ. ಮಳೆಗಾಲದ ಹಣ್ಣು, ರಸ ತೆಳು. ಮೊಟ್ಟೆಯ ಬದಲು ಮೊಸರು ಹಾಕಿದ ಮೇಲೆ ಕೇಕ್ ಹತ್ತಿಯಂತೆ ಉಬ್ಬಿತು. ಮನೆಯೆಲ್ಲ ಮಾವಿನ ಪರಿಮಳ. ಮೆಟ್ಟಿಲು ಹತ್ತುವವರು ನಮ್ಮ ಮಹಡಿಯಲ್ಲಿ ಸ್ವಲ್ಪ ನಿಧಾನ ಮಾಡುತ್ತಾರೆ.

ನಾಳೆ ಹೋಗಬೇಕು. ಮಾನಸಿಗೆ ಮೈ ಬಿಸಿ... ನೋಡೋಣ.

ಆಗಸ್ಟ್ 8

ಜ್ವರ ಇಳಿಯುವಾಗ ತಿಂಗಳೇ ತಿರುಗಿತ್ತು. ವ್ರತ ಮುಗಿಯಿತು, ಇನ್ನು ಯಾವ ಹಣ್ಣಾದರೂ ಆದೀತು ಎಂದುಕೊಂಡು, ಅದೇ ರೀತಿಯಲ್ಲಿ ಅನಾನಸ್ ಕೇಕ್ ಮಾಡಿಕೊಂಡು ಧೈರ್ಯವಾಗಿಯೇ ಹೋದೆ.

ಅಮ್ಮ ಚಮಚ ಎತ್ತಿದರು. ಬಾಯಿಯ ಹತ್ತಿರ ತಂದು ನಿಲ್ಲಿಸಿದರು.

“ಇಷ್ಟು ಮೆತ್ತಗೆ ಹೇಗೆ ಬಂತು?”

“ಮೊಸರು ಹಾಕಿದ್ದೇನೆ ಅಮ್ಮ,” ಎಂದೆ. ಹೆಮ್ಮೆಯಿಂದ.

ಚಮಚ ತಟ್ಟೆಗೆ ಇಳಿಯಿತು. “ಈ ತಿಂಗಳು ಮೊಸರಿಲ್ಲ ಮಗಾ. ಚಾತುರ್ಮಾಸ್ಯದ ನಾಲ್ಕು ತಿಂಗಳು, ತಿಂಗಳಿಗೊಂದು ಬಿಡ್ಲಿಕ್ಕುಂಟು. ಇದು ಮೊನ್ನೆ ಶುರುವಾಯ್ತು.”

ನಗು ಮೊದಲು ಬಂದದ್ದು ಅವರಿಗೆ. ಆಮೇಲೆ ನನಗೂ. ಪುಂಡರೀಕಾಕ್ಷಣ್ಣ ಮಾತ್ರ ನಗಲಿಲ್ಲ. ಕೆಳಗೆ ಬಿಡಲು ಬಂದವರು ಹೇಳಿದರು: “ಐಸ್‌ಕ್ರೀಮಿನವರು ಶೋಕೇಸ್ ಕೇಳ್ತಿದ್ದಾರೆ. ದಸರಾವರೆಗೆ ಕಾಯ್ತೇನೆ. ಆಮೇಲೆ ನನ್ನ ಕೈಯಲ್ಲಿಲ್ಲ.”

“ಒಮ್ಮೆ ನೀವೇ ತಿಂದು ನೋಡಬಾರದೇ?”

“ನಾನು ತಿಂದದ್ದು ಲೆಕ್ಕಕ್ಕಿಲ್ಲ. ಹೋಟೆಲು ಅಮ್ಮಂದು, ನಾನು ಬರೀ ಮ್ಯಾನೇಜರು.”

ಸೆಪ್ಟೆಂಬರ್ 6

ತಿಂಗಳಿಡೀ ಬರೆದಿಲ್ಲ. ಗಣಪತಿಗೆ ಮೋದಕದ ಆರ್ಡರು. ಶೋಕೇಸಿನ ಹೆಸರು ಎತ್ತುವ ಮನಸ್ಸೂ ಇರಲಿಲ್ಲ.

ಇವತ್ತು ಮೊದಲ ಸಲ, ಮಾಡುವ ಮುಂಚೆ ಅಮ್ಮನಿಗೆ ಫೋನ್ ಮಾಡಿದೆ. ಈ ತಿಂಗಳು ಯಾವುದು ಬಿಟ್ಟಿದ್ದೀರಿ?

ಆ ಕಡೆ ಫ್ಯಾನ್ ಆರಿಸಿದ ಸದ್ದು.

“ಹಾಲು,” ಎಂದರು. “ಮೊಸರು ಆಗ್ತದೆ, ತುಪ್ಪ ಆಗ್ತದೆ. ಹಾಲು ಒಂದು ಬೇಡ. ಇದನ್ನು ಕೇಳಿದವರು ನೀನೊಬ್ಬಳೇ. ದಿನಾ ಹೋಟೆಲಿಂದ ಡಬ್ಬಿ ಬರ್ತದೆ. ನಂಗೆ ಆಗದ್ದು ಬದಿಗಿಡ್ತೇನೆ. ಮಗ ನಂಗೆ ಹಸಿವಿಲ್ಲ ಅಂತ ತಿಳ್ಕೊಳ್ತಾನೆ.”

ಸೆಪ್ಟೆಂಬರ್ 15, ಮಧ್ಯಾಹ್ನ

ಸೀತಾಫಲ ಬಂದಿದೆ. ಹಾಲಿಲ್ಲದೆ ಅದನ್ನು ಏನು ಮಾಡುವುದು? ನೀರಿನಲ್ಲಿ ಸಪ್ಪೆ. ಒಲೆಗಿಟ್ಟರೆ ಕಹಿ. ಬೀಜ ತೆಗೆಯುತ್ತ ಕೂತಲ್ಲೇ ಕಣ್ಣು ಹತ್ತಿತು.

ಕನಸಿನಲ್ಲಿ ಲೋಕಲ್ ಪೂರ್ತಿ ಖಾಲಿ. ಸೀಟಿನ ತುಂಬ ಸೀತಾಫಲ, ಎಲ್ಲ ಕಿಟಕಿಯ ಕಡೆ ಮುಖ ಮಾಡಿ ಕೂತಿವೆ. ಸಮುದ್ರದ ಖಾಡಿಯ ಮೇಲಿನ ಸೇತುವೆ ಮುಗಿಯುವುದೇ ಇಲ್ಲ. ಕೆಳಗೆ ನೀರು ಬೆಳ್ಳಗೆ, ದಪ್ಪಗೆ, ಅಲೆಯಿಲ್ಲದೆ. ಅನೌನ್ಸ್‌ಮೆಂಟಿನ ಹೆಂಗಸು ಮೂರೂ ಭಾಷೆಯಲ್ಲಿ ಹೇಳಿದಳು: ಮುಂದಿನ ಸ್ಟೇಷನ್, ತೆಂಗಿನಕಾಯಿ.

ಎದ್ದಾಗ ಬೆರಳೆಲ್ಲ ಅಂಟು. ನೇರ ಹೋಗಿ ಕಾಯಿ ಒಡೆದೆ.

ಸೆಪ್ಟೆಂಬರ್ 23

ಮೊದಲ ಸಲ ತೆಂಗಿನಹಾಲು ಕುದಿದು ಒಡೆಯಿತು. ಎರಡನೆಯದು ಅಂಟಾಯಿತು. ಇವತ್ತಿನದು — ಅಕ್ಕಿಹಿಟ್ಟು ಕಲಸಿ ಸಣ್ಣ ಉರಿಯಲ್ಲಿ ಗಟ್ಟಿ ಮಾಡಿದೆ. ಪೂರ್ತಿ ತಣಿದ ಮೇಲೆ ಸೀತಾಫಲ ಸೇರಿಸಿದೆ. ತಳಕ್ಕೆ ತುಪ್ಪ, ಬೆಲ್ಲ ಹಾಕಿ ಬೇಯಿಸಿದ ಗರಿಗರಿ ಹಿಟ್ಟಿನ ಬಟ್ಟಲು. ಸುದರ್ಶನ ಒಂದು ತಿಂದರು, ಇನ್ನೊಂದಕ್ಕೆ ಕೈ ಚಾಚಿ, “ಇದು ಕೆಟ್ಟದ್ದಲ್ಲವಲ್ಲ, ನನಗೆ ಸಿಗುತ್ತದಾ?” ಎಂದರು.

ಸೆಪ್ಟೆಂಬರ್ 26

ಅಮ್ಮ ಏನೂ ಕೇಳಲಿಲ್ಲ. ಒಂದು ಬಟ್ಟಲು ಪೂರ್ತಿ ತಿಂದರು. ಬಾಯಿಗೆ ಬಂದ ಒಂದೇ ಬೀಜವನ್ನು ಅಂಗೈಯಲ್ಲಿಟ್ಟು ನನಗೆ ತೋರಿಸಿದರು. ತಿಂದು ಮುಗಿದ ಮೇಲೂ ತಟ್ಟೆ ಕೆಳಗಿಡದೆ ಕಿಟಕಿಯ ಹೊರಗೆ ನೋಡುತ್ತ ಕೂತರು.

ಪುಂಡರೀಕಾಕ್ಷಣ್ಣ ಬಾಗಿಲಲ್ಲಿ ನಿಂತಿದ್ದರು. “ಎಂತ ಅಮ್ಮ? ಹೂಂ ಹೇಳ್ಬಹುದಾ?”

“ಹೂಂ ಆಮೇಲೆ. ಇನ್ನೊಂದು ಉಂಟಾ ಕೇಳು.”

ಮಗ ತಾಯಿಯನ್ನೇ ನೋಡಿದರು. “ನಿಂಗೆ ಹಸಿವುಂಟಾ?”

“ಯಾವಾಗ್ಲೂ ಇತ್ತು,” ಎಂದರು ಅಮ್ಮ.

ಅಕ್ಟೋಬರ್ 2, ದಸರಾ

ಶೋಕೇಸಿಗೆ ಚೆಂಡು ಹೂವಿನ ತೋರಣ. ಗಾಜು ಒರೆಸಿದ್ದು ಪುಂಡರೀಕಾಕ್ಷಣ್ಣನೇ. ಒಳಗೆ ಲೈಟ್ ಹಾಕಿದಾಗ ಬಟ್ಟಲುಗಳೆಲ್ಲ ಒಮ್ಮೆಗೇ ಬೆಳಗಾದಂತೆ... ಅಲ್ಲಿಂದ ಕಣ್ಣು ತೆಗೆಯಲಾಗಲಿಲ್ಲ. ನನ್ನ ಕೈಯ ಕೆಲಸ ಎಂದು ನನಗೇ ನಂಬಿಕೆ ಬರುತ್ತಿಲ್ಲ.

ಅಮ್ಮ ಕುರ್ಚಿ ತರಿಸಿ ಪಕ್ಕದಲ್ಲೇ ಕೂತಿದ್ದಾರೆ. ಮುಂದಿನದು ಬೇಳೆ ಬಿಡುವ ತಿಂಗಳು; ಅವರ ಮಧ್ಯಾಹ್ನದ ಡಬ್ಬಿಗೆ ಇನ್ನು ಅದನ್ನು ಹಾಕಬಾರದೆಂದು ಅಡುಗೆಯವನಿಗೆ ಹೇಳಿಯಾಯಿತು. ಅವರು ಬಾಯಿ ತೆರೆಯುವ ಮೊದಲೇ ಹೇಳಿದ್ದು ಮಗ.

ಈ ಪುಟ ಬರೆಯುತ್ತಿರುವುದು ಇಲ್ಲೇ, ಕ್ಯಾಶ್ ಕೌಂಟರಿನ ಹಿಂದೆ. ಮೊದಲ ಗಿರಾಕಿ ಬಂದ. ಬಾಗಿ ನೋಡಿ, “ಇದರಲ್ಲಿ ಏನೇನು ಹಾಕಿದ್ದೀರಿ?” ಎಂದ. ಪದ್ಮಾವತಿಯಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. “ಮೊದಲು ಏನೇನು ಹಾಕಲಿಲ್ಲ ಅಂತ ಕೇಳಿ. ಮೊಟ್ಟೆ ಇಲ್ಲ, ಹಾಲಿಲ್ಲ —”