ಗೋಡೆಗೆ ಹೇಳಿದ ಪಾಠ

ಅಪ್ಪಾ,

ನೀವು ತೀರಿಕೊಂಡು ವರ್ಷವಾಯಿತು. ಆದರೂ ಇವತ್ತಿನ ಪಂದ್ಯದ ವಿಷಯ ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ನಾನು ಕಲಿಸುವ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಒಬ್ಬಳಿದ್ದಾಳೆ, ಎಲ್ಲರೂ ಚಿಗರೆ ಎನ್ನುತ್ತಾರೆ. ಬಲಗೈಯಲ್ಲಿ ಚೆಂಡು ಅವಳು ಹೇಳಿದಂತೆ ಕೇಳುತ್ತದೆ. ಎಡಗೈ ಮಾತ್ರ ಪುಕ್ಕಲು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಗುರಿ ತಪ್ಪಿದ ಕೂಡಲೇ ನನ್ನ ಮುಖ ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತು, ನಿಮಗೂ ಗೊತ್ತು; ನಾನು ಆಡುತ್ತಿದ್ದಾಗ ಗುರಿ ತಪ್ಪಿದರೆ ಹಾಗೇ ನಿಮ್ಮ ಮುಖ ನೋಡುತ್ತಿದ್ದೆ. ಅದಕ್ಕೇ ಅಭ್ಯಾಸದ ಹೊತ್ತಿನಲ್ಲಿ ನಾನು ಬೆನ್ನು ತಿರುಗಿಸಿ ನಿಂತು, ಚೆಂಡು ಪುಟಿಯುವ ಸದ್ದು ಕೇಳಿಯೇ ತಿದ್ದತೊಡಗಿದೆ.

“ಮೇಡಂ, ಗೋಡೆಗೆ ಪಾಠ ಹೇಳ್ತಿದ್ದೀರಾ?” ಎಂದು ನಗುತ್ತಿದ್ದಳು.

“ನಿನಗಿಂತ ಗೋಡೆನೇ ವಾಸಿ, ಎದುರು ಮಾತಾಡಲ್ಲ. ಎಡಗೈ ಚೆಂಡು ತುಂಬ ಮೇಲೇಳ್ತಿದೆ, ತಗ್ಗಿಸು!”

ಇವತ್ತು ಪಂದ್ಯದ ಕೊನೆಯಲ್ಲಿ, ಎರಡೂ ತಂಡ ಸಮಸಮವಿದ್ದಾಗ, ಎಡಗೈಯಲ್ಲಿ ಎಸೆದಳು. ತಪ್ಪಿತು. ಅವಳು ನನ್ನ ಕಡೆ ನೋಡಲೇ ಇಲ್ಲ ಅಪ್ಪಾ! ಓಡಿಹೋಗಿ ಎದುರಾಳಿಯಿಂದ ಚೆಂಡು ಕಸಿದು, ಮತ್ತೆ ಎಡಗೈಯಲ್ಲೇ ಎಸೆದಳು. ಈ ಸಲ ಬಲೆಯೊಳಗೆ ಬಿತ್ತು.

ಆಗ, ಗ್ಯಾಲರಿಯಲ್ಲಿ ನೀವು ಕೈಕಟ್ಟಿ ಕೂರುತ್ತಿದ್ದ ಮೂಲೆಯ ಕಡೆ ನೋಡಿದವಳು ನಾನೇ. ಅಲ್ಲಿ ಅವಳ ಅಪ್ಪ ಎದ್ದು ನಿಂತಿದ್ದರು. ಗುರಿ ತಪ್ಪಿದಾಗ ಶುರುಮಾಡಿದ್ದ ಚಪ್ಪಾಳೆಯನ್ನು ಅವರು ಇನ್ನೂ ನಿಲ್ಲಿಸಿರಲಿಲ್ಲ.