ಐದನೆಯ ಅತಿಥಿ

ಡೊಂಬಿವಲಿ ಪೂರ್ವ
12 ಜನವರಿ 2025, ಭಾನುವಾರ

ಪ್ರೀತಿಯ ಸುಗುಣಾ,

ನಿನ್ನ ಮೊಣಕಾಲು ಹೇಗಿದೆ? ಆ ಒಣ ಚಳಿಗೆ ಹಿಮ್ಮಡಿಯ ಬಿರುಕು ಇನ್ನೂ ಆಳವಾಗಿರಬಹುದು. ನಾವು ಹೊರಡುವ ದಿನ ನೀನು ಚಪ್ಪಲಿ ಮೆಟ್ಟುವಾಗ ಒಂದು ಕ್ಷಣ ಗೋಡೆ ಹಿಡಿದದ್ದನ್ನು ನೋಡಿದೆ. ಶ್ರೀಪ್ರಿಯಾ ಘಣಸೋಲಿಯಲ್ಲಿ ಯಾವುದೋ ಮುಲಾಮು ಸಿಗುತ್ತದೆಂದು, ಅತ್ತಿಗೆಗೆ ಕಳಿಸುತ್ತೇನೆಂದು ಹೇಳಿದ್ದಾಳೆ. ನನ್ನ ತಂಗಿ ಹೇಳಿದ್ದನ್ನು ಮಾಡುವವಳು, ಬಂದೀತು. ನನ್ನ ವಿಷಯ ಬರೆಯುವಂಥದ್ದು ಹೆಚ್ಚಿಲ್ಲ. ಬಿಪಿ ಮಾತ್ರೆ ತಪ್ಪಿಸುವುದಿಲ್ಲ. ಕೆಮ್ಮು ಇದೆ, ಆದರೆ ಈ ಊರಲ್ಲಿ ಜನವರಿಯಲ್ಲಿ ಕೆಮ್ಮದವರು ಯಾರು. ಫೋನಿನಲ್ಲಿ ನಾವು ಗ್ಯಾಸು, ಮಾತ್ರೆ, ಸೊಸೈಟಿಯ ಲಿಫ್ಟು ಇಷ್ಟನ್ನು ಮಾತಾಡಿ ಮುಗಿಸುತ್ತೇವೆ. ಆಮೇಲೆ ನಿನ್ನ ಕಡೆ ನೆಟ್‌ವರ್ಕ್ ಹೋಗುತ್ತದೆ, ಅಥವಾ ಹೋಯಿತೆಂದು ಇಬ್ಬರೂ ಒಪ್ಪಿಕೊಳ್ಳುತ್ತೇವೆ. ಆದ್ದರಿಂದ ಈ ಕಾಗದ.

ನಾವು ಐದೂ ಮಂದಿ ಸುಖವಾಗಿ ತಲುಪಿದೆವು. ವಸಾಯಿಯಲ್ಲಿ ಭುಜ್ ಗಾಡಿಯಿಂದ ಇಳಿದು ದಿವಾ ಕಡೆಯ ಗಾಡಿಗೆ ಒಂದು ಗಂಟೆ ಕಾದೆವು, ಅಷ್ಟೇ ತೊಂದರೆ. ಗೆಳೆಯ ಲೀಲಾಧರ ಕಲ್ಯಾಣದ ತನ್ನ ಕ್ಯಾಂಟೀನಿನಲ್ಲಿ ಬಂದವರಿಗೆಲ್ಲ ನಿನ್ನ ಮನೆಯನ್ನು ವರ್ಣಿಸುತ್ತಿದ್ದಾನೆ. ನಾಲ್ಕು ದಿಕ್ಕಿಗೆ ಎಂಥ ಉಂಟು ಅಂತ ಕೇಳ್ತೀರಾ, ಎಂಥದೂ ಇಲ್ಲ, ಅದನ್ನೇ ನೋಡ್ಲಿಕ್ಕೆ ಹೋಗುದು, ಎನ್ನುತ್ತಾನೆ. ಅವನ ಹೆಂಡತಿ ನಳಿನಾಕ್ಷಿ ರಣದ ಮರುಭೂಮಿಯ ಉಪ್ಪನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಟ್ಟಿದ್ದಾಳೆ, ಸಾರಿಗೆ ಹಾಕಲು ಧೈರ್ಯವಿಲ್ಲ, ಎಸೆಯಲು ಮನಸ್ಸಿಲ್ಲ. ಅವರ ಮಗಳು ರಮಿತಾ ಹಾಕಿದ ಫೋಟೋಗಳಲ್ಲಿ ಒಂದೂ ಕಟ್ಟಡವಿಲ್ಲದ ಆಕಾಶ ಕಂಡು ಅವಳ ಗೆಳತಿ ಸೋನಾಲಿ, 'ಬಿಲ್ಡಿಂಗ್ ಕಿಧರ್ ಮಿಟಾಯಾ?' ಎಂದು, ಕಟ್ಟಡಗಳನ್ನು ಎಲ್ಲಿ ಅಳಿಸಿದೆಯೆಂದು ಕೇಳಿದಳಂತೆ. ಎಲ್ಲರೂ ನಿನ್ನನ್ನು ಹೊಗಳುತ್ತಾರೆ. ಸುಗುಣಕ್ಕನ ಹಾಗೆ ನೋಡಿಕೊಳ್ಳುವವರು ಬೇರೆ ಇಲ್ಲ ಎನ್ನುತ್ತಾರೆ. ನಾನೂ ಹೌದೆನ್ನುತ್ತೇನೆ.

ಭುಜ್ ಕಡೆಯ ಆ ಹದಿನಾರು ಮನೆಗಳ ಕಾಲೊನಿಯನ್ನು ಮೊದಲ ಸಲ ನೋಡಿದಾಗ ನೀನು ಗೇಟಿನ ಹೊರಗೆ ನಿಂತು, 'ಇಲ್ಲಿ ಯಾರ ಮೈಯೂ ನನಗೆ ತಾಗುದಿಲ್ಲ ಮಾರಾಯ್ರೆ' ಎಂದಿದ್ದೆ. ಇಪ್ಪತ್ತೆಂಟು ವರ್ಷ ಡೊಂಬಿವಲಿಯಿಂದ ಠಾಣೆಗೆ, ಅಲ್ಲಿ ಗಾಡಿ ಬದಲಿಸಿ ಘಣಸೋಲಿಯ ಶಾಲೆಯ ಆಫೀಸಿಗೆ ಹೋಗಿ ಬಂದವಳ ಮಾತು. ಅದು ಲೋಕಲ್ ಗಾಡಿಯ ಬಗೆಗಿನ ದೂರು ಎಂದು ನಾನು ತಿಳಿದುಕೊಂಡೆ. ಆ ಮಾತಿನ ಅಗಲ ಎಷ್ಟು ಎಂದು ಆಗ ಯೋಚಿಸಲಿಲ್ಲ. ನೀನು ಎರಡು ವರ್ಷ ಮೊದಲು ಕೆಲಸ ಬಿಟ್ಟು ಮುಂದೆ ಹೋಗಿ ಮನೆ ಸರಿಮಾಡುವುದು, ನಾನು ಅರವತ್ತು ತುಂಬಿದ ಮೇಲೆ ಬಂದು ಸೇರಿಕೊಳ್ಳುವುದು, ಹೀಗೆ ನಾವು ತೀರ್ಮಾನ ಮಾಡಿದ್ದೆವು. ಮನೆ ಆರು ತಿಂಗಳಿಗೇ ಸರಿಯಾಯಿತು. ಮೊದಲ ಚಳಿಗಾಲದಲ್ಲೇ ನಿನ್ನ ಶಾಲೆಯವರು ಬಂದರು, ಎರಡನೆಯದರಲ್ಲಿ ನಮಗಿಂತ ಮೊದಲು ನಿನ್ನ ಅಕ್ಕನ ಮನೆಯವರು. ಅವರ ಹೆಸರುಗಳನ್ನು ನೀನು ಕ್ಯಾಲೆಂಡರಿನಲ್ಲಿ ಬರೆದುಕೊಳ್ಳುತ್ತೀಯೆಂದು ಗೊತ್ತಾದದ್ದು ಈ ಸಲ ಗೋಡೆ ನೋಡಿದಾಗ. ನೀನು ಮಾತ್ರ ಈ ಕಡೆ ಬಂದದ್ದು ಒಂದೇ ಸಲ. ಮೇ ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ. ಆಮೇಲೆ ನಾನು ಅಲ್ಲಿಗೆ ಬರುವುದು ನಿನಗೆ ಈಗಲೂ ಬೇಕೇ ಎಂದು ಕೇಳಬೇಕಿತ್ತು. ಕೇಳಲೆಂದೇ ಡಿಸೆಂಬರಿನಲ್ಲಿ ಹೊರಟೆ. ಒಬ್ಬನೇ ಬಂದರೆ ಕೇಳಲೇಬೇಕಾಗುತ್ತದೆ ಎಂದು ಅನಿಸಿದಾಗ ನಾಲ್ಕು ಜನರನ್ನು ಕೂಡಿಸಿಕೊಂಡೆ. ಎಲ್ಲರಿಗೂ ಮರುಭೂಮಿ ತೋರಿಸುವ ನೆಪ ಚೆನ್ನಾಗಿತ್ತು.

ನಾವು ಬಂದಿಳಿದಾಗ ನೀನು ಹಾಸಿಗೆಯ ಮೇಲೆ ಐದು ಟವೆಲು, ಐದು ಸಣ್ಣ ಸಾಬೂನು ಇಟ್ಟಿದ್ದೆ. ಹೆಂಗಸರಿಗೆ ಒಳಗಿನ ಕೋಣೆ, ನನಗೂ ಲೀಲಾಧರನಿಗೂ ಮುಂದಿನದು. ಇದರಲ್ಲಿ ತಪ್ಪೇನಿಲ್ಲ, ಮನೆ ಇರುವುದೇ ಅಷ್ಟು. ಚಹಾ ಮಾಡುವಾಗ ಪ್ರತಿಯೊಬ್ಬರನ್ನೂ ಸಕ್ಕರೆ ಎಷ್ಟೆಂದು ಕೇಳುತ್ತ ಬಂದವಳು ಸಾಲಿನಲ್ಲಿ ನನ್ನನ್ನೂ ಕೇಳಿದೆ. ಲೀಲಾಧರ ಬಿಡುವವನೇ? 'ಎಂಥದು ಸುಗುಣಕ್ಕ, ಭಟ್ರ ಸಕ್ಕರೆ ಮರ್ತು ಹೋಯ್ತಾ?' ಎಂದ. 'ಎರಡು ವರ್ಷದಲ್ಲಿ ಜನ ಬದಲಾಗ್ತಾರೆ, ಕೇಳುದು ಒಳ್ಳೇದು' ಎಂದು ನೀನು ನಕ್ಕೆ. ನಿನ್ನ ಮಾತು ಸರಿಯೇ. ನಾನು ಕಳೆದ ಮಳೆಗಾಲದಿಂದ ಸಕ್ಕರೆ ಬಿಟ್ಟಿದ್ದೇನೆ. ಆದರೂ ಎರಡು ಚಮಚ ಎಂದೆ, ಐದು ದಿನವೂ ಕುಡಿದೆ. ಊಟಕ್ಕೆ ಕೂತಾಗ ಅವನೇ ಮತ್ತೆ, 'ಮೇಗೆ ಭಟ್ರು ರಿಟೈರ್. ಆಮೇಲೆ ಇಲ್ಲಿಯೇ ಅಲ್ವಾ?' ಎಂದು ಕೇಳಿದ. ನೀನು ಸಾರು ತರಲು ಒಳಗೆ ಹೋದೆ. ಸಾರಿನ ಪಾತ್ರೆ ನಮ್ಮ ಮುಂದೆಯೇ ಇತ್ತು. ಹೊರಗೆ ಬಂದಾಗ ನಿನ್ನ ಕೈಯಲ್ಲಿ ಉಪ್ಪಿನಕಾಯಿ ಇತ್ತು.

ಇನ್ನು ನೀರಿನ ವಿಷಯ. ಅದನ್ನು ಬರೆಯದೆ ಈ ಕಾಗದ ಮುಗಿಯುವುದಿಲ್ಲ. ಮೊದಲ ಬೆಳಿಗ್ಗೆ ಐದೂವರೆಗೆ ನಳಿನಾಕ್ಷಿ ಎದ್ದು ನಲ್ಲಿ ತಿರುಗಿಸಿದಳು. ನಲವತ್ತು ವರ್ಷ ಆ ಹೊತ್ತಿಗೆ ಎದ್ದು ನೀರು ತುಂಬಿದ ಕೈ. ನೀರು ಬಂತು. ಬಂದ ಮೇಲೆ ಬಿಡುವುದುಂಟೆ? ಬಕೆಟು, ಹಂಡೆ, ಕುಕ್ಕರು, ನಿನ್ನ ಇಡ್ಲಿ ಪಾತ್ರೆ, ಕೊನೆಗೆ ಒಗ್ಗರಣೆ ಡಬ್ಬಿಯನ್ನೂ ಖಾಲಿ ಮಾಡಿ ತುಂಬಿದರು. ಶ್ರೀಪ್ರಿಯಾಳೂ ಸೇರಿಕೊಂಡಳು. ಲೀಲಾಧರ ಹಾಸಿಗೆಯಿಂದಲೇ, 'ಪ್ರೆಶರ್ ಚೆನ್ನಾಗುಂಟು, ಬಿಡ್ಬೇಡಿ' ಎಂದು ಕೂಗಿದ. ಮರುದಿನ ಅದೇ ಹೊತ್ತಿಗೆ, ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರೂ ಮಾಡುವಂತೆ, ಹೊಸ ನೀರು ಬರುತ್ತದೆಂದು, ನೀನು ಏಳುವ ಮೊದಲೇ, ನಿನ್ನೆಯ ಹಳಸಲು ನೀರನ್ನು ಚೆಲ್ಲಿ ಪಾತ್ರೆ ತೊಳೆದು ಮತ್ತೆ ತುಂಬಿದರು. ಮೂರನೆಯ ದಿನ, ಸೋಮವಾರ, ಮೊದಲು ಎಲ್ಲವನ್ನೂ ಚೆಲ್ಲಿದ ಮೇಲೆ ನಲ್ಲಿ ತಿರುಗಿಸಿದರೆ ಗಾಳಿಯ ಸದ್ದು ಬಿಟ್ಟು ಬೇರೇನೂ ಬರಲಿಲ್ಲ. ಒಂದು ವಾರಕ್ಕೆಂದು ನೀನು ತುಂಬಿಸಿಟ್ಟ ಟ್ಯಾಂಕು. ಟ್ಯಾಂಕರು ಬರುವುದು ಗುರುವಾರ.

ನಳಿನಾಕ್ಷಿ ಅತ್ತೇ ಬಿಟ್ಟಳು. 'ನಮ್ಮ ಹಾಳು ಅಭ್ಯಾಸ ಅಕ್ಕ' ಎಂದಳು. ನೀನು ಅವಳ ಹೆಗಲು ಮುಟ್ಟಿ, 'ಪರವಾಗಿಲ್ಲ, ಈ ಮಣ್ಣಿಗೂ ಒಮ್ಮೆ ಡೊಂಬಿವಲಿಯವರ ಕೈನೀರು ಸಿಗಲಿ' ಎಂದೆ. ರಮಿತಾ, 'ಆಂಟಿ, ಟೆನ್ಶನ್ ನಹೀ, ಹಮ್ ಚಾಯ್ ಸೆ ನಹಾ ಲೇಂಗೆ' ಎಂದಳು, ಚಹಾದಲ್ಲೇ ಸ್ನಾನವೆಂದು ಕೇಳಿ ಅಳುತ್ತಿದ್ದವಳೂ ನಕ್ಕಳು. ನೀನು ಪಕ್ಕದ ಮನೆಯಿಂದ ಎರಡು ಕ್ಯಾನ್ ನೀರು ತಂದೆ. ನಾನು ಕ್ಯಾನಿಗೆ ಕೈ ಚಾಚಿದಾಗ ಅದೇ ಮುಖ, ಅದೇ ದನಿ, 'ಪರವಾಗಿಲ್ಲ, ನೀವು ಕೂತ್ಕೊಳ್ಳಿ' ಎಂದು ನೀನು ಹೇಳಿದೆ. ಮೂವತ್ತೊಂದು ವರ್ಷದಲ್ಲಿ ನೀನು ನನಗೆ ಆ ಮಾತು ಹೇಳಿದ್ದು ನೆನಪಿಲ್ಲ. ಹಾಲು ಉಕ್ಕಿಸಿದರೆ, ಬಾಗಿಲು ಹಾಕಲು ಮರೆತರೆ, 'ತಲೆ ಎಲ್ಲಿಟ್ಟು ಬಂದದ್ದು?' ಎನ್ನುವುದಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಒಳಗೆ ಕರೆದು ಬೈಯುತ್ತೀ ಎಂದು ಆ ದಿನವಿಡೀ ಕಾದೆ. ಯಾರೂ ಇಲ್ಲದಾಗ ಎರಡು ಸಲ ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ. ಒಂದು ಸಲ, 'ಏನಾದ್ರೂ ಬೇಕಿತ್ತಾ?' ಎಂದು ನೀನು ಕೇಳಿದೆ.

ನಳಿನಾಕ್ಷಿಗೆ ಗೊತ್ತಿರಲಿಲ್ಲ, ಸುಗುಣಾ. ನನಗೆ ಗೊತ್ತಿತ್ತು. ಟ್ಯಾಂಕರ್ ವಾರಕ್ಕೊಂದು, ಹಿಡಿದು ಬಳಸಬೇಕು ಎಂದು ನವೆಂಬರಿನಲ್ಲಿ ನೀನು ಫೋನಿನಲ್ಲಿ ಹೇಳಿದ್ದೆ. ಎರಡು ದಿನವೂ ಹಳೆ ನೀರಿನ ಪಾತ್ರೆಗಳನ್ನು ಹಿತ್ತಲಿಗೆ ಹೊತ್ತು ಚೆಲ್ಲಿದವನು ನಾನು. ಭಾನುವಾರ ಎರಡನೆಯ ಬಕೆಟು ಚೆಲ್ಲುವಾಗ ನೆನಪೂ ಆಯಿತು. ಮಣ್ಣು ಅಷ್ಟು ಬೇಗ ಕುಡಿಯಿತು, ಚೆಲ್ಲಿದ ಗುರುತೇ ಇರಲಿಲ್ಲ. ಆದರೂ ಹೇಳಲಿಲ್ಲ. ಆ ಮನೆಯಲ್ಲಿ ಯಾರೋ ನನಗೆ, 'ಮುರಾರಿಯಣ್ಣ, ಇದೊಂದು ಹೊರಗೆ ಇಡಿ' ಎಂದು ಒಂದು ಕೆಲಸ ಕೊಟ್ಟಿದ್ದರು. ಅದು ನಿಲ್ಲುವುದು ನನಗೆ ಬೇಡವಾಗಿತ್ತು. ಇದನ್ನು ಸಮರ್ಥನೆಯಾಗಿ ಬರೆಯುತ್ತಿಲ್ಲ. ನಾವು ಮಂಗಳವಾರ ಹೊರಟೆವು, ಗುರುವಾರದವರೆಗೆ ನೀನು ಹೇಗೆ ಕಳೆದೆಯೋ, ಅದನ್ನು ನಾನು ಫೋನಿನಲ್ಲಿ ಕೇಳಲಿಲ್ಲ, ನೀನೂ ಹೇಳಲಿಲ್ಲ.

ಹೊರಡುವಾಗ ನೀನು ಐದು ತಿಂಡಿಯ ಪೊಟ್ಟಣ ಕಟ್ಟಿಕೊಟ್ಟೆ, ಐದೂ ಒಂದೇ ಅಳತೆಯವು. ಗೇಟಿನಲ್ಲಿ ನಿಂತು ಎಲ್ಲರನ್ನೂ ನೋಡುತ್ತ, 'ಇನ್ನೊಮ್ಮೆ ಬನ್ನಿ' ಎಂದೆ. ಗಾಡಿಯಲ್ಲಿ ಶ್ರೀಪ್ರಿಯಾ ನನ್ನ ಪಕ್ಕ ಕೂತು, 'ಅಣ್ಣ, ನೀನು ಒಬ್ಬನೇ ಹೋಗ್ಬೇಕಿತ್ತು' ಎಂದಳು. ಗುಂಪಿನಲ್ಲಿ ಬಂದವನನ್ನು ನೀನು ಗುಂಪಿನಲ್ಲಿಟ್ಟೇ ಸತ್ಕರಿಸಿದೆ. ಅದರಲ್ಲಿ ನ್ಯಾಯವಿದೆ. ನಾನು ಗಂಡನ ಹಾಗೆ ಬರಲಿಲ್ಲ, ನೀನು ಹೆಂಡತಿಯ ಹಾಗೆ ಬೈಯಲಿಲ್ಲ. ಅಥವಾ ಅದಲ್ಲ, ಯಾರ ಮೈಯೂ ತಾಗದ ಆ ಜಾಗದಲ್ಲಿ ನಿನಗೆ ನಿಜವಾಗಿಯೂ ಸುಖವಿದೆ. ಜನ ಬರಬೇಕು, ಉಣ್ಣಬೇಕು, ದಿನ ನೋಡಿಕೊಂಡು ಹೊರಡಬೇಕು. ಇವೆರಡರಲ್ಲಿ ಯಾವುದು ಎಂದು ಇಲ್ಲಿ ಕೂತು ನಿರ್ಧರಿಸಲು ನನ್ನಿಂದಾಗುವುದಿಲ್ಲ. ನೀನು ಸುಖವಾಗಿ ಕಂಡೆ, ಅದನ್ನು ಮಾತ್ರ ಹೇಳಬಲ್ಲೆ. ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದೆ. ಇಲ್ಲಿ ನೀನು ಹಾಡಿದ್ದು ನಾನು ಕೇಳಿಲ್ಲ, ಗಾಡಿಯ ಸದ್ದಿನಲ್ಲಿ ಕೇಳದೆ ಹೋಗಿರಲೂಬಹುದು.

ಇಲ್ಲಿ ಎಲ್ಲ ಹಾಗೆಯೇ ಇದೆ. ಕೆಳಗಿನ ಮನೆಯ ಜಯಲತಾ ದಿನವೂ ನಿನ್ನನ್ನು ವಿಚಾರಿಸುತ್ತಾಳೆ. ನೀರು ಬೆಳಿಗ್ಗೆ ಒಂದು ಗಂಟೆ ಹೊತ್ತು ಬರುತ್ತದೆ, ಶುಕ್ರವಾರ ಇಲ್ಲ. ನಾನೊಬ್ಬನೇ ಆದ್ದರಿಂದ ಒಂದು ಬಕೆಟು ಸಾಕಾಗುತ್ತದೆ. ಭಾನುವಾರ ಮಧ್ಯಾಹ್ನ ಫಡಕೆ ರೋಡಿನವರೆಗೆ ನಡೆಯುತ್ತೇನೆ, ಎಲ್ಲರೂ ಯಾರೊಂದಿಗೋ ಇರುತ್ತಾರೆ, ದಾರಿ ಬಿಡಿ ಎಂದು ಮೈ ಉಜ್ಜಿಕೊಂಡು ಹೋಗುತ್ತಾರೆ. ನನಗೆ ಅದು ಬೇಸರವಲ್ಲ ಎಂದು ಇತ್ತೀಚೆಗೆ ತಿಳಿಯಿತು.

ಬಿಸಿನೀರಿನಲ್ಲಿ ಕಾಲಿಟ್ಟುಕೋ, ನೀರು ಸಾಕಷ್ಟಿದ್ದರೆ. ಎರಡು ಕ್ಯಾನ್ ಕೊಟ್ಟ ಪಕ್ಕದ ಮನೆಯವರಿಗೆ ನನ್ನ ನಮಸ್ಕಾರ ಹೇಳು, ಅವರ ಹೆಸರು ಕೇಳಲೂ ನನಗೆ ತೋಚಲಿಲ್ಲ. ನಿನ್ನ ಮನೆಗೆ ಒಳ್ಳೆಯ ಬೆಳಕಿದೆ, ಹಾಗೆಯೇ ಇರಲಿ.

ನಿನ್ನ,
ಮುರಾರಿ

ಇನ್ನೊಂದು: ಅಂಚೆಗೆ ಹಾಕಲು ಹೊರಡುವಾಗ ಬರೆಯುತ್ತಿದ್ದೇನೆ. ಪಿಂಚಣಿಯ ಅರ್ಜಿ ಇದರ ಜೊತೆಗಿದೆ. ಸಹಿ, ಫೋಟೋ ಎಲ್ಲ ಆಗಿದೆ. ನಿವೃತ್ತಿಯ ನಂತರದ ಖಾಯಂ ವಿಳಾಸ ಎಂಬ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ. ಅದನ್ನು ನೀನು ತುಂಬಿಸಿ ಫೆಬ್ರವರಿ ಹದಿನೈದರೊಳಗೆ ನನಗೆ ತಲುಪುವಂತೆ ಕಳಿಸು. ಡೊಂಬಿವಲಿ ಎಂದು ಬರೆದರೂ ನನ್ನ ಅಭ್ಯಂತರವಿಲ್ಲ ಎಂದು ಬರೆಯಲು ಹೊರಟಿದ್ದೆ. ಅದು ಸುಳ್ಳು.