ಎರಡು ಮುಖದ ಬಾಕ್ಸ್

ಕಳಸ
ತಾ. 9-12-1998

ಪ್ರೀತಿಯ ಮಗಳು ನಾಗಶ್ರೀಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಹಾಸ್ಟೆಲ್ಲಿನ ಸಾರಿಗೆ ಈಗಲಾದರೂ ಉಪ್ಪು ಬಿದ್ದಿತೇ? ನಾವಿಲ್ಲಿ ಚೆನ್ನಾಗಿದ್ದೇವೆ. ನಿನ್ನ ಅಮ್ಮನ ಮಂಡಿನೋವು ಬೆಳಿಗ್ಗೆ ಇರುತ್ತದೆ, ನೆಂಟರು ಬಂದರೆ ಇರುವುದಿಲ್ಲ. ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಸರ್ಕ್ಯೂಟ್ ಲೆಕ್ಕದ ನೆಟ್‌ವರ್ಕ್ಸ್ ಪೇಪರಿನಲ್ಲಿ ಎರಡನೇ ಸಲವೂ ಫೇಲಾದೆ, ಡಿಪ್ಲೊಮಾ ಸಾಕು, ಬಂದು ನಮ್ಮ ಮೈಕ್‌ಸೆಟ್ ಅಂಗಡಿಯಲ್ಲಿ ಕೂರುತ್ತೇನೆ ಎಂದು ಬರೆದಿದ್ದೀಯ. ಏನು ಬರೆಯಬೇಕೆಂದು ತೋಚದೆ ಸುಮ್ಮನಿದ್ದೆ. ಮೊನ್ನೆ ಭಾನುವಾರ ತೋಚಿತು.

ಜಾವಳಿಯಲ್ಲಿ ಜಯದೇವಪ್ಪನವರ ಕಾಫಿ ಕಣದ ಪಕ್ಕದ ಹಾಲಿನಲ್ಲಿ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ; ಮೈಕ್‌ಸೆಟ್ ಕೆಟ್ಟರೆ ಪ್ರಸಂಗವೇ ಕೆಟ್ಟಂತೆ. ಜನ ಸುತ್ತ ನಾಲ್ಕೂ ಕಡೆ ಕೂರುತ್ತಾರೆಂದು ನಮ್ಮ ಹೊಸ ಬಾಕ್ಸ್ ಎರಡನ್ನೂ ಒಯ್ದೆ. ನೀನು ನೋಡಿದ್ದೀಯಲ್ಲ, ಮುಂದೊಂದು ಹಿಂದೊಂದು ಸ್ಪೀಕರ್ ಕೂರಿಸಿ, ಬಡಗಿ ನಿಂಗಯ್ಯನ ಕೈಯಲ್ಲಿ ಹಲಸಿನ ಹಲಗೆಯಲ್ಲಿ ಮಾಡಿಸಿದ್ದು. ಹಿಂದಕ್ಕೆ ಮುಖ ತಿರುಗಿಸಿದ ಸ್ಪೀಕರಿಗೆ ತಂತಿಯನ್ನೂ ತಿರುಗಿಸಿ, ಪ್ಲಸ್ಸಿನ ಜಾಗಕ್ಕೆ ಮೈನಸ್ ಕೊಡಬೇಕು ಎನ್ನುವುದು ನನ್ನ ಶಾಸ್ತ್ರ. ದಸರಾ ರಜೆಯಲ್ಲಿ ನೀನು ತಪ್ಪು ಅಂದಿದ್ದೆ, ನಾನು ನಕ್ಕಿದ್ದೆ. ಇಪ್ಪತ್ತೆರಡು ವರ್ಷದ ನಗು ಅದು, ಸುಲಭಕ್ಕೆ ಹೋಗುವುದಿಲ್ಲ.

ಮಧ್ಯಾಹ್ನ ಲೈನ್ ಎಳೆದು ಪರೀಕ್ಷೆ ಮಾಡಿದೆ. ಎದುರು ಕೂತವರಿಗೂ ಚೆನ್ನ, ಹಿಂದೆ ಕೂತವರಿಗೂ ಚೆನ್ನ. ಆದರೆ ಜಯದೇವಪ್ಪನವರ ಕುರ್ಚಿ ಬಾಕ್ಸಿನ ಪಕ್ಕಕ್ಕೆ ಬಿದ್ದಿತ್ತು. "ಏನು ಶಾಂತವೀರಣ್ಣ, ಅತ್ಲಾಗೂ ಗುಡುಗ್ತದೆ, ಇತ್ಲಾಗೂ ಗುಡುಗ್ತದೆ, ನನ್ ಕಿವಿಗೆ ಮಾತ್ರ ಜ್ವರದೋರು ನರಳಿದ ಹಾಗೆ ಕೇಳ್ತದಲ್ಲ ಮಾರಾಯ್ರೆ" ಅಂದರು. ದನಿ ಏರಿಸಿದೆ, ಜ್ವರವೂ ಏರಿತು. ಅರ್ಧ ಗಂಟೆಯಲ್ಲಿ ಸರಿಯಾಗದಿದ್ದರೆ ಕೊಟ್ಟಿಗೆಹಾರದ ವಿಶ್ವನಾಥನ ಸೆಟ್ ತರಿಸುತ್ತೇನೆ ಎಂದು ಜೀಪು ಕಳಿಸಿಯೂ ಬಿಟ್ಟರು.

ಫ್ಯೂಸ್ ಹುಡುಕಲು ಆಂಪ್ಲಿಫೈಯರ್ ಪೆಟ್ಟಿಗೆ ತೆರೆದೆ. ಮುಚ್ಚಳದ ಒಳಗೆ ದಸರಾ ರಜೆಯಲ್ಲಿ ನೀನು ಬರೆದಿಟ್ಟ ಹಾಳೆ. ನಿನ್ನ ಅಮ್ಮ ಅನ್ನದ ಅಗುಳಿನಿಂದ ಅಂಟಿಸಿಟ್ಟಿದ್ದಳು. ಮೂರು ಚಿತ್ರ. ಮೊದಲನೆಯದರ ಕೆಳಗೆ "ಅಪ್ಪನ ಲೈನ್" ಎಂದು ಬರೆದು, ಪಕ್ಕದಲ್ಲಿ ಕಿವಿಗೆ ಕೈಯಿಟ್ಟುಕೊಂಡ ಒಬ್ಬ ಬಡಪಾಯಿ. ಒಂದು ಸ್ಪೀಕರ್ ಗಾಳಿ ದೂಡುವಾಗ ಇನ್ನೊಂದು ಎಳೆದರೆ ಪಕ್ಕದವರಿಗೆ ಏನೂ ಉಳಿಯುವುದಿಲ್ಲ ಎಂದು ಬರೆದಿದ್ದೀಯ. ಬಡಪಾಯಿಗೆ ಜಯದೇವಪ್ಪನವರ ಹಾಗೆ ಮೀಸೆ ಬೇರೆ. ಎರಡನೆಯದು, ನಾಲ್ಕೂ ಸ್ಪೀಕರ್ ನೇರ ಒಟ್ಟಿಗೆ: ಸದ್ದು ಸರಿ, ಆದರೆ ತಡೆ ಎರಡೇ ಓಮ್, ಕರೆಂಟು ಅತಿಯಾಗಿ ಹರಿದು ಆಂಪ್ಲಿಫೈಯರ್ ಸುಡುತ್ತದೆ. ಮೂರನೆಯದು, ಒಂದೊಂದು ಬಾಕ್ಸಿನ ಹಿಂದುಮುಂದಿನ ಸ್ಪೀಕರನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿ ಸಾಲಾಗಿ, ಆಮೇಲೆ ಎರಡು ಬಾಕ್ಸನ್ನು ಜೊತೆಗೆ: ಎಂಟು ಓಮ್, ಎಲ್ಲರಿಗೂ ಕ್ಷೇಮ.

ನೀನು ಬರೆದ ಹಾಗೆಯೇ ಮಾಡಿದೆ. ಟಾರ್ಚಿನ ಸೆಲ್ಲು ತಾಗಿಸಿ ನೋಡಿದರೆ ಮುಂದಿನ ಸ್ಪೀಕರಿನ ಕಾಗದವೂ ಹಿಂದಿನದರ ಕಾಗದವೂ ಒಟ್ಟಿಗೆ ಹೊರಗೆ ಉಬ್ಬಿದವು. ಭಾಗವತರು ಒಂದು ಪದ ಎತ್ತಿದರು. ಜಯದೇವಪ್ಪನವರು ಕುರ್ಚಿ ಬಿಟ್ಟು ಎದ್ದು ಹಾಲಿನ ಸುತ್ತ ನಡೆದು ಬಂದು, "ಈಗ ಮನುಷ್ಯರ ಮಾತು ಬಂತು ನೋಡಿ. ಏನು ಮಾಡಿದ್ರಿ?" ಎಂದು ಕೇಳಿದರು. ಅನುಭವ ಅನ್ನಲು ಬಾಯಿ ತೆರೆದೆ, ಸುಳ್ಳೇಕೆ. ಹೊರಬಿದ್ದ ಮಾತು ಬೇರೆ: "ನನ್ ಮಗಳದ್ದು. ನಾನ್ ಮಾಡಿದ್ದೇ ತಪ್ಪಾಗಿತ್ತು." ಅಷ್ಟು ಜನರ ಎದುರು ತಪ್ಪೊಪ್ಪಿಕೊಂಡು ಎದೆ ಉಬ್ಬಿದ್ದು ನನಗೆ ಅದೇ ಮೊದಲು.

ಅಷ್ಟರಲ್ಲಿ ಜೀಪಿನಲ್ಲಿ ಬಂದಿಳಿದ ವಿಶ್ವನಾಥ, ತನ್ನ ಅಂಗಡಿಗೂ ಹೀಗೇ ಒಂದು ಹಾಳೆ ಬರೆಸಿಕೊಡಲು ಕೇಳಿದ. "ಅವಳಿಗೀಗ ಪುರುಸೊತ್ತಿಲ್ಲ ಮಾರಾಯ, ಪರೀಕ್ಷೆಗೆ ಓದ್ತಿದಾಳೆ" ಅಂದುಬಿಟ್ಟೆ.

ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು. ಅಮ್ಮ ಚಟ್ನಿಪುಡಿಯ ಜೊತೆ ತನ್ನ ನೆನಪನ್ನೂ ಬಸ್ಸಿಗೆ ಹಾಕಿದ್ದಾಳೆ.

ನಿನ್ನ ಅಪ್ಪ
ಶಾಂತವೀರಪ್ಪ

ವಿ.ಸೂ.: ಬಸ್ಸು ಹೊರಡುತ್ತಿದೆ. ಕಾಲೇಜು ಬಿಡುವ ಅರ್ಜಿ ಸಹಿಗೆಂದು ಕಳಿಸಿದ್ದೆಯಲ್ಲ, ಸಹಿ ಹಾಕಿಲ್ಲ. ಹಿಂಬದಿ ಖಾಲಿ ಇತ್ತೆಂದು ಮೈಕ್‌ಸೆಟ್ ಹಾಕಿಕೊಡಲು ಕೇಳಿರುವ ಪರಮೇಶ್ವರಪ್ಪನವರ ಹೊಸ ಹಾಲಿನ ನಕ್ಷೆ ಬರೆದಿದ್ದೇನೆ. ಬಾಕ್ಸ್ ನಾಲ್ಕು, ಆಂಪ್ಲಿಫೈಯರ್ ಒಂದೇ. ಹೇಗೆ ಜೋಡಿಸುವುದೆಂದು ನನಗೆ ತಿಳಿಯುವುದಿಲ್ಲ. ಪರೀಕ್ಷೆ ಬರೆದಾದ ಮೇಲೆ ತಿಳಿಸು. ಅವರಿಗೆ ಕಾಯಲು ಹೇಳಿದ್ದೇನೆ.